ಒಂದೇ ಬೀಗದ ಕೈಗೆ ಹನ್ನೊಂದು ಬಾಗಿಲು: ಕೀಪಾಸ್‌ಎಕ್ಸ್‌ಸಿ ಬಳಸಿ ನೋಡಿದ ಮೇಲೆ

ಸುಮಾರು ಹದಿನಾಲ್ಕು ತಿಂಗಳ ಹಿಂದೆ, ಎಂದೋ ಖಾತೆ ತೆರೆದು ಮರೆತೇಹೋಗಿದ್ದ ಒಂದು ಜಾಲತಾಣದಿಂದ ನನಗೊಂದು ಇಮೇಲ್ ಬಂದಿತು. ತಮ್ಮ ಬಳಕೆದಾರರ ಮಾಹಿತಿ ಸೋರಿಹೋಗಿದೆ, ದಯವಿಟ್ಟು ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂಬುದು ಅದರ ಸಾರಾಂಶ. ಆ ತಾಣದಲ್ಲಿ ಕಳೆದುಕೊಳ್ಳುವಂಥದ್ದು ನನ್ನದೇನೂ ಇರಲಿಲ್ಲವಾದ್ದರಿಂದ ಇಮೇಲ್ ಓದಿ ಸುಮ್ಮನಾದೆ. ಎರಡು ದಿನ ಕಳೆಯುವಷ್ಟರಲ್ಲಿ, ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲದ ಇನ್ನೊಂದು ಖಾತೆಗೆ ಯಾರೋ ಅಪರಿಚಿತರು ಒಳಹೊಕ್ಕು ನನ್ನ ಫೋನ್ ಸಂಖ್ಯೆಯನ್ನು ತೆಗೆದುಹಾಕಿದ್ದರು. ಎರಡೂ ಕಡೆ ನಾನು ಇಟ್ಟಿದ್ದು ಒಂದೇ ಪಾಸ್‌ವರ್ಡ್. ಇಷ್ಟೆಲ್ಲ ನಡೆಯುವಾಗಲೂ ನನ್ನ ಕಂಪ್ಯೂಟರಿನ ಮೂಲೆಯಲ್ಲಿ ಆಂಟಿವೈರಸ್ ತನ್ನ ಹಸಿರು ಗುರುತನ್ನು ತೋರಿಸುತ್ತಲೇ ಇತ್ತು, ಮತ್ತು ಅದು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಕಂಪ್ಯೂಟರಿಗೆ ಯಾರೂ ನುಗ್ಗಿಯೇ ಇರಲಿಲ್ಲ.

ಹ್ಯಾಕರ್ ಎಂದೊಡನೆ ಕತ್ತಲ ಕೋಣೆಯಲ್ಲಿ ಕುಳಿತು ನಮ್ಮ ಯಂತ್ರವನ್ನೇ ಗುರಿಯಾಗಿಸಿಕೊಂಡು ಕೀಲಿಮಣೆ ಕುಟ್ಟುವ ಮನುಷ್ಯನನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಆಟಿಕೆ ರೈಲುಗಳನ್ನು ಕಟ್ಟುತ್ತಿದ್ದ ವಿದ್ಯಾರ್ಥಿಗಳ ಕೂಟದಲ್ಲಿ 1950ರ ದಶಕದ ಕೊನೆಗೆ ಈ ಪದ ಬಳಕೆಗೆ ಬಂದಾಗ ಅದರಲ್ಲಿ ಕಳ್ಳತನದ ಅರ್ಥವೇ ಇರಲಿಲ್ಲ, ಜಾಣತನದಿಂದ ಯಂತ್ರವನ್ನು ಪಳಗಿಸುವವನು ಎಂಬುದಷ್ಟೇ ಇತ್ತು. ಆ ಮಾತು ಹಾಗಿರಲಿ. ಮನೆಬಳಕೆದಾರರನ್ನು ಕಾಡುವವನು ಹೆಚ್ಚಾಗಿ ಬಾಗಿಲು ಮುರಿಯುವುದಿಲ್ಲ. ಎಲ್ಲೋ ಸೋರಿದ ಹೆಸರು ಮತ್ತು ಪಾಸ್‌ವರ್ಡ್‌ಗಳ ಪಟ್ಟಿಯನ್ನು ತಂದು, ಒಂದು ಪ್ರೋಗ್ರಾಮಿನ ಮೂಲಕ ನೂರಾರು ತಾಣಗಳಲ್ಲಿ ಹಾಕಿ ನೋಡುತ್ತಾನೆ, ತೆರೆದುಕೊಂಡ ಕಡೆ ಒಳಗೆ ಹೋಗುತ್ತಾನೆ. ಅಂಥ ಪಟ್ಟಿಗಳಿಗೆ ಬರವೂ ಇಲ್ಲ. 2009ರಲ್ಲಿ ರಾಕ್‌ಯೂ ಎಂಬ ಸಂಸ್ಥೆಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಹೊರಬಿದ್ದವು, ಅವನ್ನು ಯಾವ ಗೂಢಲಿಪಿಯೂ ಇಲ್ಲದೆ ಬರೆದಿಟ್ಟಿದ್ದರು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳುವಾದದ್ದು 65 ಲಕ್ಷ ಎಂದು ಮೊದಲು ತಿಳಿಯಿತು, ನಾಲ್ಕು ವರ್ಷಗಳ ನಂತರ ಮಾರಾಟಕ್ಕೆ ಬಂದ ಕಂತೆಯಲ್ಲಿ ಪಾಸ್‌ವರ್ಡ್ ಸಹಿತ 11.7 ಕೋಟಿ ಖಾತೆಗಳಿದ್ದವು. ಇಂಥ ಪಟ್ಟಿ ಹಿಡಿದು ಬರುವವನಿಗೆ ನಾನು ಯಾರೆಂಬುದು ಗೊತ್ತಿರಬೇಕಾಗಿಲ್ಲ, ಪಟ್ಟಿಯ ಒಂದು ಸಾಲು ನಾನು, ಅಷ್ಟೇ. ಇದು ಅರ್ಥವಾದ ಮೇಲೆಯೇ ದುಬಾರಿ ಆಂಟಿವೈರಸ್‌ನ ನವೀಕರಣವನ್ನು ಕೈಬಿಟ್ಟು, ವಿಂಡೋಸ್‌ನಲ್ಲಿ ಮೊದಲೇ ಇರುವ ಡಿಫೆಂಡರ್ ಸಾಕೆಂದು ತೀರ್ಮಾನಿಸಿ, ಪಾಸ್‌ವರ್ಡ್ ಜೋಪಾನ ಮಾಡುವ ತಂತ್ರಾಂಶವೊಂದನ್ನು ಹುಡುಕತೊಡಗಿದೆ. ನಾನು ಆರಿಸಿಕೊಂಡದ್ದು ಕೀಪಾಸ್‌ಎಕ್ಸ್‌ಸಿ.

ಇದರ ವಂಶಾವಳಿ ಸ್ವಲ್ಪ ಗೊಂದಲದ್ದು, ಹೆಸರುಗಳು ಒಂದನ್ನೊಂದು ಹೋಲುವುದರಿಂದ ತಪ್ಪು ತಂತ್ರಾಂಶ ಇಳಿಸಿಕೊಳ್ಳುವವರೂ ಇದ್ದಾರೆ. ವಿಂಡೋಸ್‌ಗಾಗಿ 2003ರಲ್ಲಿ ಡೊಮಿನಿಕ್ ರೈಖ್ಲ್ ಎಂಬವರು ಬರೆದದ್ದು ಕೀಪಾಸ್. ಅದನ್ನು ಬೇರೆ ವ್ಯವಸ್ಥೆಗಳಿಗೂ ತಂದದ್ದು ಕೀಪಾಸ್‌ಎಕ್ಸ್. ಆ ಕೆಲಸ ಕುಂಟತೊಡಗಿದಾಗ ಆಸಕ್ತರ ಸಮುದಾಯವೊಂದು 2016ರಲ್ಲಿ ಅದನ್ನು ಕವಲೊಡೆಸಿ, ಎಂದರೆ ಅದರ ಪ್ರತಿಯೊಂದನ್ನು ತೆಗೆದುಕೊಂಡು ಬೇರೆಯಾಗಿ ಮುಂದುವರಿಸಿದ್ದೇ ಕೀಪಾಸ್‌ಎಕ್ಸ್‌ಸಿ. ಇದು ಮುಕ್ತ ತಂತ್ರಾಂಶ, ಉಚಿತ, ಜಾಹೀರಾತಿಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ನಮ್ಮ ಎಲ್ಲ ಪಾಸ್‌ವರ್ಡ್‌ಗಳನ್ನು ಒಂದೇ ಕಡತದಲ್ಲಿ ಗೂಢಲಿಪೀಕರಿಸಿ, ಆ ಕಡತವನ್ನು ನಮ್ಮ ಕಂಪ್ಯೂಟರಿನಲ್ಲಿಯೇ ಇಡುತ್ತದೆ. ಖಾತೆ ತೆರೆಯಬೇಕಾಗಿಲ್ಲ, ಇಮೇಲ್ ವಿಳಾಸ ಕೊಡಬೇಕಾಗಿಲ್ಲ, ಯಾರ ಸರ್ವರಿಗೂ ನಮ್ಮ ಪಾಸ್‌ವರ್ಡ್ ಹೋಗುವುದಿಲ್ಲ. ಈ ಕೊನೆಯ ಗುಣವೇ ಇದರ ದೊಡ್ಡ ಶಕ್ತಿ, ಮುಂದೆ ಹೇಳುವಂತೆ ದೊಡ್ಡ ತೊಡಕೂ ಅದೇ.

ಇಳಿಸಿಕೊಳ್ಳುವ ಹಂತದಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. 2023ರ ಅಕ್ಟೋಬರ್‌ನಲ್ಲಿ ಗೂಗಲ್ ಹುಡುಕಾಟದ ಮೇಲ್ತುದಿಯಲ್ಲಿ ಮೂಲ ಕೀಪಾಸ್‌ನ ಹೆಸರಿನಲ್ಲಿ ಒಂದು ಜಾಹೀರಾತು ಕಾಣಿಸಿಕೊಂಡಿತ್ತು. ಅದನ್ನು ಒತ್ತಿದರೆ ತೆರೆದುಕೊಳ್ಳುತ್ತಿದ್ದ ಪುಟದ ವಿಳಾಸ ಅಸಲಿ ವಿಳಾಸದಂತೆಯೇ ಇತ್ತು. ಮೊದಲ ಇಂಗ್ಲಿಷ್ ಅಕ್ಷರದ ಬುಡದಲ್ಲಿ ಅಲ್ಪವಿರಾಮದಂಥ ಒಂದು ಚುಕ್ಕೆ ಹೆಚ್ಚಾಗಿದ್ದುದು ಮಾತ್ರ ವ್ಯತ್ಯಾಸ. ಪರದೆಯ ಮೇಲೆ ಕುಳಿತ ಧೂಳಿನ ಕಣವೆಂದು ಒರೆಸಿಬಿಡಬಹುದಾದಷ್ಟು ಸಣ್ಣ ಗುರುತು ಅದು. ಅಲ್ಲಿಂದ ಇಳಿಸಿಕೊಂಡವರಿಗೆ ಸಿಕ್ಕಿದ್ದು ಕುತಂತ್ರಾಂಶ. ಬೀಗ ಕೊಳ್ಳಲು ಹೊರಟವನನ್ನು ದಾರಿಯಲ್ಲಿಯೇ ಅಡ್ಡಗಟ್ಟುವ ಈ ಜಾಣ್ಮೆಯನ್ನು ಕಂಡರೆ ಹ್ಯಾಕರ್ ಓದುವುದು ಯಂತ್ರವನ್ನಲ್ಲ, ನಮ್ಮ ಅವಸರವನ್ನು ಎಂಬುದು ಸ್ಪಷ್ಟವಾಗುತ್ತದೆ. ಜಾಹೀರಾತಿನ ಕೊಂಡಿಯನ್ನು ಮುಟ್ಟದೆ, ವಿಳಾಸವನ್ನು ಸ್ವತಃ ಟೈಪ್ ಮಾಡಿ ತಲುಪುವುದು ಕ್ಷೇಮ.

ತಂತ್ರಾಂಶವನ್ನು ಮೊದಲು ತೆರೆದಾಗ ಅದು ಕೇಳುವುದು ಮುಖ್ಯ ಪಾಸ್‌ವರ್ಡನ್ನು. ಉಳಿದೆಲ್ಲವನ್ನೂ ಮರೆಯಬಹುದು, ಇದನ್ನು ಮರೆಯುವಂತಿಲ್ಲ. ಇದನ್ನು ಮರೆತರೆ ಕಡತವನ್ನು ಆ ತಂತ್ರಾಂಶ ಬರೆದವರೂ ತೆರೆಯಲಾರರು. ಆದ್ದರಿಂದ ಇದು ನೆನಪಿಗೆ ಸುಲಭವಾಗಿರಬೇಕು, ಊಹೆಗೆ ಸಿಗಬಾರದು. ಇವೆರಡನ್ನೂ ಸಾಧಿಸುವ ದಾರಿ ದಾಳ ಉರುಳಿಸುವುದು. 1995ರಲ್ಲಿ ಆರ್ನಾಲ್ಡ್ ರೈನ್‌ಹೋಲ್ಡ್ ರೂಪಿಸಿದ ಡೈಸ್‌ವೇರ್ ಪದ್ಧತಿಯಲ್ಲಿ ಒಂದು ದಾಳವನ್ನು ಐದು ಬಾರಿ ಉರುಳಿಸಿದರೆ ಬರುವ 7,776 ಸಾಧ್ಯತೆಗಳಿಗೆ ಒಂದೊಂದು ಪದವನ್ನು ಗೊತ್ತುಮಾಡಿರುತ್ತಾರೆ. ಹೀಗೆ ಸಿಕ್ಕಿದ ಆರು ಪದಗಳನ್ನು ಸಾಲಾಗಿ ಬರೆದರೆ ಊಹಿಸುವವನು ಎದುರಿಸಬೇಕಾದ ಸಂಖ್ಯೆ ಇಪ್ಪತ್ತನಾಲ್ಕು ಅಂಕಿಗಳಷ್ಟು ಉದ್ದವಾಗುತ್ತದೆ. ಕೀಪಾಸ್‌ಎಕ್ಸ್‌ಸಿಯಲ್ಲಿ ಇದೇ ಕೆಲಸವನ್ನು ಮಾಡುವ ಉಪಕರಣ ಒಳಗೇ ಇದೆ, ಅದರ ಪದಪಟ್ಟಿ ಇಂಗ್ಲಿಷಿನದು. ನಮ್ಮದೇ ಪದಪಟ್ಟಿಯನ್ನು ಸೇರಿಸುವ ಅವಕಾಶವಿರುವುದರಿಂದ ಕನ್ನಡದ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆದು ಸೇರಿಸಿಕೊಂಡವರಿಗೆ ಕಂಠಪಾಠ ಇನ್ನೂ ಸಲೀಸು. ಆದರೆ ಪದಗಳನ್ನು ಯಂತ್ರವೋ ದಾಳವೋ ಆರಿಸಬೇಕು, ನಾವಲ್ಲ. ಗಾದೆ, ಹಾಡಿನ ಪಲ್ಲವಿ, ಮಕ್ಕಳ ಹೆಸರಿನ ಜೊತೆಗೆ ಹುಟ್ಟಿದ ವರ್ಷ ಇವೆಲ್ಲ ಊಹಿಸುವವನ ಪಟ್ಟಿಯಲ್ಲಿ ನಮಗಿಂತ ಮೊದಲೇ ಕುಳಿತಿರುತ್ತವೆ.

ಬ್ರೌಸರಿನಲ್ಲಿ ಉಳಿಸಿಟ್ಟಿದ್ದ ಪಾಸ್‌ವರ್ಡ್‌ಗಳನ್ನು ಇದರೊಳಗೆ ತರಲು ಒಂದು ಸಂಜೆ ಹಿಡಿಯಿತು. ಬ್ರೌಸರಿನಿಂದ ಸಿಎಸ್‌ವಿ ಕಡತವಾಗಿ ಹೊರತೆಗೆದು ಇಲ್ಲಿ ಆಮದು ಮಾಡಿಕೊಳ್ಳಬೇಕು. ಆ ಸಿಎಸ್‌ವಿ ಕಡತ ಮಾತ್ರ ಬರಿಯ ಪಠ್ಯ, ನೋಟ್‌ಪ್ಯಾಡಿನಲ್ಲಿ ತೆರೆದರೆ ಎಲ್ಲವೂ ಕಣ್ಣಿಗೆ ಬೀಳುತ್ತದೆ. ಆಮದು ಮುಗಿದೊಡನೆ ಅದನ್ನು ಅಳಿಸಬೇಕು, ರೀಸೈಕಲ್ ಬಿನ್ ಖಾಲಿ ಮಾಡಬೇಕು, ಬ್ರೌಸರಿನಲ್ಲಿ ಉಳಿದಿರುವುದನ್ನೂ ತೆಗೆದುಹಾಕಬೇಕು. ನಾನು ಇದನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಂಬತ್ತು ದಿನ ಬಿಟ್ಟಿದ್ದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆಮದಾದ ನಂತರ ಹೆಲ್ತ್ ಚೆಕ್ ಎಂಬ ವರದಿಯನ್ನು ತೆರೆದೆ. ಈ ತಂತ್ರಾಂಶದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಪುಟವೂ ಇದೇ, ಮುಜುಗರ ತಂದ ಪುಟವೂ ಇದೇ. ಎಡಗಡೆ ಖಾತೆಯ ಹೆಸರು, ಪಕ್ಕದಲ್ಲಿ ಕೆಂಪು ಬಣ್ಣದ ಗುಣಮಟ್ಟ, ಕೊನೆಯ ಅಂಕಣದಲ್ಲಿ ಕಾರಣ. ಒಂದರ ಕೆಳಗೊಂದರಂತೆ, ಈ ಪಾಸ್‌ವರ್ಡ್ 11 ಬಾರಿ ಬಳಕೆಯಾಗಿದೆ ಎಂಬ ಒಂದೇ ಕಾರಣ ಸಾಲುಗಟ್ಟಿ ನಿಂತಿತ್ತು. ಮೊದಲ ಸಂಜೆ ನಾನು ಇಮೇಲ್, ಬ್ಯಾಂಕ್ ಮತ್ತು ಫೋನ್ ಖಾತೆಗಳ ಪಾಸ್‌ವರ್ಡ್‌ಗಳನ್ನು ಬದಲಿಸಿದೆ. ಇಮೇಲ್ ಮೊದಲು ಏಕೆಂದರೆ, ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬಂದು ಬೀಳುವುದು ಅಲ್ಲಿಯೇ. ಮಿಕ್ಕವನ್ನು ದಿನಕ್ಕೆ ಎರಡು ಮೂರರಂತೆ ಮುಗಿಸಿದೆ. ಅದೇ ಪುಟದ ಪಕ್ಕದಲ್ಲಿ, ಟ್ರಾಯ್ ಹಂಟ್ ಎಂಬ ಭದ್ರತಾ ತಜ್ಞರು 2013ರಲ್ಲಿ ಆರಂಭಿಸಿದ ಹ್ಯಾವ್ ಐ ಬೀನ್ ಪೋನ್ಡ್ ತಾಣದ ಸೋರಿಕೆ ಪಟ್ಟಿಯೊಡನೆ ನಮ್ಮ ಪಾಸ್‌ವರ್ಡ್‌ಗಳನ್ನು ಹೋಲಿಸುವ ಸೌಲಭ್ಯವಿದೆ. ಪಾಸ್‌ವರ್ಡನ್ನು ಅಲ್ಲಿಗೆ ಕಳಿಸುವುದೆಂದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ ಅಲ್ಲವೇ ಎಂಬ ಅನುಮಾನ ನನಗೂ ಬಂದಿತ್ತು. ವಾಸ್ತವದಲ್ಲಿ ಹೋಗುವುದು ಪಾಸ್‌ವರ್ಡ್ ಅಲ್ಲ, ಅದರಿಂದ ಲೆಕ್ಕಹಾಕಿದ 40 ಅಕ್ಷರಗಳ ಹ್ಯಾಶ್‌ನ (ಮೂಲ ಪಾಸ್‌ವರ್ಡಿಗೆ ಹಿಂದಿರುಗಿಸಲಾಗದಂಥ ಗುರುತಿನ) ಮೊದಲ ಐದು ಅಕ್ಷರಗಳು ಮಾತ್ರ. ಆ ಐದರಿಂದ ಆರಂಭವಾಗುವ ಎಲ್ಲ ಹ್ಯಾಶ್‌ಗಳನ್ನು ತಾಣ ಹಿಂದಿರುಗಿಸುತ್ತದೆ, ಹೋಲಿಕೆ ನಮ್ಮ ಯಂತ್ರದಲ್ಲಿಯೇ ನಡೆಯುತ್ತದೆ. ಅದೂ ನಾವು ಗುಂಡಿ ಒತ್ತಿದಾಗ ಮಾತ್ರ.

ದಿನನಿತ್ಯದ ಬಳಕೆ ಬ್ರೌಸರ್ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಜೋಡಿಸುವ ಸಣ್ಣ ತಂತ್ರಾಂಶದ ಮೂಲಕ. ಮೊದಲ ಸಲ ಒಂದು ತಾಣಕ್ಕೆ ಹೋದಾಗ, ಈ ತಾಣಕ್ಕೆ ಈ ಪಾಸ್‌ವರ್ಡ್ ಕೊಡಬಹುದೇ ಎಂದು ಕೇಳುತ್ತದೆ, ಒಪ್ಪಿದರೆ ಮುಂದೆ ತಾನೇ ತುಂಬುತ್ತದೆ. ಇದು ಅನುಕೂಲಕ್ಕಷ್ಟೇ ಎಂದು ನಾನು ಭಾವಿಸಿದ್ದೆ. ನಾಲ್ಕನೆಯ ತಿಂಗಳಲ್ಲಿ, ನಿಮ್ಮ ಖಾತೆಯನ್ನು ಇಂದೇ ದೃಢಪಡಿಸದಿದ್ದರೆ ಸ್ಥಗಿತಗೊಳಿಸಲಾಗುವುದು ಎಂಬ ಇಮೇಲ್‌ನ ಕೊಂಡಿಯನ್ನು ನಿದ್ದೆಗಣ್ಣಿನಲ್ಲಿ ಒತ್ತಿಬಿಟ್ಟೆ. ಲಾಂಛನ, ಬಣ್ಣ, ಅಕ್ಷರಗಳ ಅಳತೆ ಎಲ್ಲವೂ ಅಸಲಿ ಪುಟದಂತೆಯೇ ಇದ್ದವು, ಆದರೆ ಎಕ್ಸ್‌ಟೆನ್ಷನ್ ಏನನ್ನೂ ತುಂಬಲಿಲ್ಲ. ಏಕೆ ಹಾಳಾಯಿತೋ ಎಂದು ಗೊಣಗುತ್ತ ಕೈಯಿಂದಲೇ ನಕಲಿಸಲು ಹೊರಟಾಗ ಬ್ರೌಸರಿನ ಮೇಲ್ತುದಿಯ ವಿಳಾಸದ ಕಡೆ ಕಣ್ಣು ಹೋಯಿತು. ಸಂಸ್ಥೆಯ ಹೆಸರಿನ ನಂತರ ಒಂದು ಅಡ್ಡಗೆರೆ, ಅದರ ಮುಂದೆ ನನಗೆ ಗೊತ್ತಿಲ್ಲದ ಇನ್ನೊಂದು ಪದ. ಮನುಷ್ಯನ ಕಣ್ಣು ಲಾಂಛನವನ್ನು ನೋಡಿ ನಂಬುತ್ತದೆ, ಈ ತಂತ್ರಾಂಶಕ್ಕೆ ಲಾಂಛನ ಕಾಣುವುದೇ ಇಲ್ಲ, ಅದು ನೋಡುವುದು ವಿಳಾಸವನ್ನು ಮಾತ್ರ. ಹಾಗಾಗಿ ತುಂಬದೆ ಸುಮ್ಮನಿರುವಾಗ ಅದನ್ನು ದೋಷವೆಂದು ತಿಳಿಯದೆ, ಒಂದು ಗಳಿಗೆ ನಿಂತು ನೋಡುವುದು ಒಳ್ಳೆಯದು. ನಕಲಿಸುವ ಅನಿವಾರ್ಯತೆ ಬಂದರೂ ನಕಲಿಸಿದ್ದನ್ನು ಅಂಟಿಸುವವರೆಗೆ ಹಿಡಿದಿಡುವ ಕ್ಲಿಪ್‌ಬೋರ್ಡಿನಲ್ಲಿ ಪಾಸ್‌ವರ್ಡ್ ಹತ್ತು ಸೆಕೆಂಡು ಮಾತ್ರ ಉಳಿಯುತ್ತದೆ. ಉಳಿದ ಸಮಯ ತೋರಿಸುವ ಕೆಳಗಿನ ಪಟ್ಟಿ ಸರಸರನೆ ಕರಗುವುದನ್ನು ನೋಡುತ್ತ ಅವಸರದಲ್ಲಿ ಅಂಟಿಸುವುದು ಮೊದಲ ವಾರ ಕಿರಿಕಿರಿಯೆನಿಸುತ್ತದೆ, ಬೇಕಾದವರು ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು. ಈ ವಿಮರ್ಶೆಗೆಂದು ಪರದೆಯ ಚಿತ್ರ ತೆಗೆಯಲು ಹೋದರೆ ಪಾಸ್‌ವರ್ಡ್ ಪಟ್ಟಿ ಚಿತ್ರದಲ್ಲಿ ಮೂಡಲೇ ಇಲ್ಲ. ಪರದೆಯನ್ನು ಕದ್ದು ಸೆರೆಹಿಡಿಯುವ ಕುತಂತ್ರಾಂಶಗಳಿಗಾಗಿ ಹಾಕಿದ ತಡೆ ಅದು.

ಎಲ್ಲವನ್ನೂ ಒಂದೇ ಕಡತದಲ್ಲಿಟ್ಟರೆ ಆ ಕಡತವೇ ಕಳುವಾದರೆ ಏನು ಗತಿ ಎಂಬ ಪ್ರಶ್ನೆಯನ್ನು ನನ್ನ ಮನೆಯವರು ಮೊದಲ ದಿನವೇ ಕೇಳಿದರು. ಉತ್ತರ 2022ರ ಲಾಸ್ಟ್‌ಪಾಸ್ ಪ್ರಕರಣದಲ್ಲಿದೆ. ಅಂತರಜಾಲದಲ್ಲಿ ಪಾಸ್‌ವರ್ಡ್ ಕಾಯ್ದುಕೊಡುವ ಆ ಸಂಸ್ಥೆಯ ಗ್ರಾಹಕರ ಪಾಸ್‌ವರ್ಡ್ ಪೆಟ್ಟಿಗೆಗಳ ಪ್ರತಿಗಳನ್ನೇ ಕಳ್ಳರು ಹೊತ್ತೊಯ್ದರು. ಒಳಗಿನ ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದರೂ ತಾಣಗಳ ವಿಳಾಸಗಳು ಹಾಗಿರಲಿಲ್ಲವಾದ್ದರಿಂದ ಯಾರ ಪೆಟ್ಟಿಗೆ ಒಡೆಯಲು ಯೋಗ್ಯ ಎಂಬುದು ಕಳ್ಳರಿಗೆ ಮೊದಲೇ ಗೊತ್ತಾಗುವಂತಿತ್ತು. ಅವರು ಅಲ್ಲಿಯವರೆಗೆ ತಲುಪಿದ ದಾರಿ ಇನ್ನೂ ಪಾಠದಾಯಕ: ಸಂಸ್ಥೆಯ ಒಬ್ಬ ಹಿರಿಯ ಎಂಜಿನಿಯರ್‌ರ ಮನೆಯ ಕಂಪ್ಯೂಟರಿನಲ್ಲಿದ್ದ, ಚಿತ್ರ ಮತ್ತು ಸಂಗೀತಕ್ಕಾಗಿ ಬಳಸುವ ಒಂದು ಹಳೆಯ ತಂತ್ರಾಂಶದ ದೋಷದ ಮೂಲಕ ಒಳನುಗ್ಗಿ, ಆ ಎಂಜಿನಿಯರ್ ಒತ್ತಿದ ಕೀಲಿಗಳನ್ನೆಲ್ಲ ದಾಖಲಿಸಿಕೊಂಡು, ಮುಖ್ಯ ಪಾಸ್‌ವರ್ಡನ್ನು ಪಡೆದುಕೊಂಡರು. ಆ ದೋಷಕ್ಕೆ ಪರಿಹಾರ 2020ರಲ್ಲಿಯೇ ಬಿಡುಗಡೆಯಾಗಿತ್ತು, ಹಾಕಿಕೊಂಡಿರಲಿಲ್ಲ.

ಕೀಪಾಸ್‌ಎಕ್ಸ್‌ಸಿಯಲ್ಲಿ ಲಕ್ಷಾಂತರ ಜನರ ಪೆಟ್ಟಿಗೆಗಳು ಒಂದೆಡೆ ರಾಶಿಬಿದ್ದಿರುವುದಿಲ್ಲವಾದ್ದರಿಂದ ಅಂಥ ಕಳ್ಳತನ ಲಾಭದಾಯಕವಲ್ಲ. ನನ್ನ ಕಡತ ಸಿಕ್ಕಿತೆಂದೇ ಇಟ್ಟುಕೊಂಡರೂ ಒಂದೊಂದು ಊಹೆಗೂ ಬೆಲೆ ತೆರಬೇಕು. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಎಂಬ ವಿಧಾನವನ್ನು ಇದು ಬಳಸುತ್ತದೆ. ಅದು ಸಮಯದ ಜೊತೆಗೆ ಹೇರಳ ಮೆಮೊರಿಯನ್ನೂ ಬೇಡುವುದರಿಂದ ಗ್ರಾಫಿಕ್ಸ್ ಕಾರ್ಡುಗಳನ್ನು ಜೋಡಿಸಿ ಸೆಕೆಂಡಿಗೆ ಕೋಟಿಗಟ್ಟಲೆ ಊಹಿಸುವ ಆಟ ಇಲ್ಲಿ ನಡೆಯುವುದಿಲ್ಲ. ಕಡತ ರಚಿಸುವಾಗ, ತೆರೆಯಲು ಎಷ್ಟು ಹೊತ್ತು ಹಿಡಿಯಬೇಕು ಎಂದು ಕೇಳುವ ಒಂದು ಜಾರುಗುಂಡಿ ಇದೆ, ತಾನಾಗಿಯೇ ಒಂದು ಸೆಕೆಂಡಿಗೆ ನಿಂತಿರುತ್ತದೆ. ನನಗೆ ಅರಿವಿಗೇ ಬಾರದ ಆ ಒಂದು ಸೆಕೆಂಡು, ಕಳ್ಳನಿಗೆ ಪ್ರತಿ ಊಹೆಗೂ ಕಟ್ಟಬೇಕಾದ ಸುಂಕ.

ಆದರೆ ಅದೇ ಪ್ರಕರಣ ಈ ತಂತ್ರಾಂಶದ ಎಲ್ಲೆಯನ್ನೂ ತೋರಿಸುತ್ತದೆ. ನನ್ನ ಯಂತ್ರದೊಳಗೇ ಕೀಲಿ ದಾಖಲಿಸುವ ಕುತಂತ್ರಾಂಶ ಕುಳಿತಿದ್ದರೆ, ಪೆಟ್ಟಿಗೆ ಎಷ್ಟು ಗಟ್ಟಿಯಾಗಿದ್ದರೂ ಅದನ್ನು ತೆರೆಯುವ ಮಾತನ್ನು ನಾನೇ ಅದರ ಕಿವಿಯಲ್ಲಿ ಹೇಳಿದಂತಾಗುತ್ತದೆ. ಇತ್ತೀಚಿನ ಕಳ್ಳ ಪ್ರೋಗ್ರಾಮುಗಳು ನಾವು ಲಾಗಿನ್ ಆಗಿದ್ದೇವೆಂದು ತಾಣಕ್ಕೆ ತಿಳಿಸುವ ಬ್ರೌಸರಿನ ಸೆಷನ್ ಕುಕಿಗಳನ್ನೂ ದೋಚುತ್ತವೆ, ಈಗಾಗಲೇ ಲಾಗಿನ್ ಆಗಿರುವ ಸ್ಥಿತಿಯನ್ನೇ ಎತ್ತಿಕೊಂಡು ಹೋಗುವುದರಿಂದ ಪಾಸ್‌ವರ್ಡಾಗಲಿ ಅದರ ನಂತರ ಕೇಳುವ ಎರಡನೆಯ ಹಂತದ ಸಂಖ್ಯೆಯಾಗಲಿ ಅವಕ್ಕೆ ಬೇಕಾಗುವುದಿಲ್ಲ. ಇವು ಮನೆಗೆ ಬರುವ ಸಾಮಾನ್ಯ ದಾರಿಗಳಲ್ಲಿ ಒಂದು, ಹಣ ಕೊಡದೆ ಬಳಸಲು ಇಳಿಸಿಕೊಂಡ ಕ್ರ್ಯಾಕ್ ಮಾಡಿದ ತಂತ್ರಾಂಶಗಳು ಮತ್ತು ಆಟಗಳು. ಇದಕ್ಕೆ ಮದ್ದು ಕೀಪಾಸ್‌ಎಕ್ಸ್‌ಸಿಯಲ್ಲಿಲ್ಲ. ವ್ಯವಸ್ಥೆಯ ಅಪ್‌ಡೇಟ್‌ಗಳನ್ನು ಮುಂದೂಡದಿರುವುದು, ದಿನನಿತ್ಯಕ್ಕೆ ಅಡ್ಮಿನ್ ಅಲ್ಲದ ಸಾಮಾನ್ಯ ಖಾತೆಯನ್ನು ಬಳಸುವುದು, ಮುಖ್ಯ ಕಡತಗಳ ಪ್ರತಿಯನ್ನು ಕಂಪ್ಯೂಟರಿನಿಂದ ಬಿಡಿಸಿಟ್ಟ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು, ಇವು ಪ್ರತ್ಯೇಕವಾಗಿ ಆಗಬೇಕಾದ ಕೆಲಸಗಳು. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಲೋಕದಾದ್ಯಂತ ಕಂಪ್ಯೂಟರುಗಳನ್ನು ಒತ್ತೆಯಿಟ್ಟುಕೊಂಡಾಗ ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಮಾಡಿಕೊಳ್ಳದವರು ಆಮೇಲೆ ಮಾಡಿಕೊಂಡದ್ದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದನ್ನೂ ಇಲ್ಲಿಯೇ ನೆನಪಿಸಬಹುದು.

ಇನ್ನು ತೊಡಕುಗಳು. ಕಡತ ನಮ್ಮಲ್ಲಿಯೇ ಇರುವುದರಿಂದ ಎರಡು ಸಾಧನಗಳ ನಡುವೆ ಅದನ್ನು ಸಮಗೊಳಿಸುವ ಹೊಣೆಯೂ ನಮ್ಮದೇ. ಫೋನಿಗೆ ಈ ತಂಡದ ಆ್ಯಪ್ ಇಲ್ಲ. ಆಂಡ್ರಾಯ್ಡ್‌ನಲ್ಲಿ ಕೀಪಾಸ್‌ಡಿಎಕ್ಸ್, ಐಫೋನಿನಲ್ಲಿ ಕೀಪಾಸಿಯಂ ಅಥವಾ ಸ್ಟ್ರಾಂಗ್‌ಬಾಕ್ಸ್‌ನಂಥ ಬೇರೆಯವರ ಆ್ಯಪ್‌ಗಳಲ್ಲಿ ಅದೇ ಕಡತವನ್ನು ತೆರೆಯಬೇಕು. ನಾನು ಕಡತವನ್ನು ಒಂದು ಕ್ಲೌಡ್ ಫೋಲ್ಡರಿನಲ್ಲಿಟ್ಟಿದ್ದೇನೆ. ಒಮ್ಮೆ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ದಿನ ಬದಲಾವಣೆ ಮಾಡಿದಾಗ ಎರಡು ಪ್ರತಿಗಳು ಹುಟ್ಟಿಕೊಂಡವು. ಡೇಟಾಬೇಸ್ ವಿಲೀನಗೊಳಿಸುವ ಆಯ್ಕೆಯಿಂದ ಅವು ಸರಿಯಾಗಿ ಒಂದಾದವು ಎಂಬುದು ನಿಜ, ಆದರೆ ಕಡತವೆಂದರೇನು ಫೋಲ್ಡರೆಂದರೇನು ಎಂದು ಕೇಳುವ ನನ್ನ ತಂದೆಯವರಿಂದ ಇದನ್ನು ನಿರೀಕ್ಷಿಸಲಾಗದು. ಅವರಿಗೆ ಬ್ರೌಸರಿನ ಒಳಗೇ ಇರುವ ಪಾಸ್‌ವರ್ಡ್ ಉಳಿಸುವ ಸೌಲಭ್ಯವನ್ನು ಹೊಂದಿಸಿಕೊಟ್ಟಿದ್ದೇನೆ. ಕುತಂತ್ರಾಂಶ ನುಗ್ಗಿದರೆ ಅದು ಬೇಗ ಸೋಲುತ್ತದೆ, ಆದರೂ ಎಲ್ಲ ಕಡೆ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಎಷ್ಟೋ ಮೇಲು. ಕುಟುಂಬದವರೆಲ್ಲ ಹಂಚಿಕೊಂಡು ಬಳಸಬೇಕೆನ್ನುವವರಿಗೆ ಬಿಟ್‌ವಾರ್ಡನ್‌ನಂಥ ಕ್ಲೌಡ್ ಆಧಾರಿತ ಸೇವೆ ಹೆಚ್ಚು ಹೊಂದುತ್ತದೆ.

ಎರಡನೆಯ ಹಂತದ ಆರಂಕಿಯ ಸಂಖ್ಯೆಗಳನ್ನೂ ಇದೇ ಕಡತದಲ್ಲಿ ಇಡಬಹುದು, ಪಾಸ್‌ವರ್ಡಿನ ಬದಲಿಗೆ ಬಳಸುವ ಪಾಸ್‌ಕೀಗಳನ್ನೂ ಇಡಬಹುದು. ಮುಖ್ಯ ಖಾತೆಗಳ ಆರಂಕಿಯನ್ನು ನಾನು ಇಲ್ಲಿಡುವುದಿಲ್ಲ. ಬೀಗವನ್ನೂ ಬೀಗದ ಕೈಯನ್ನೂ ಒಂದೇ ಮೊಳೆಗೆ ತೂಗುಹಾಕಿದಂತಾಗುತ್ತದೆ ಎಂಬ ಭಾವನೆ ನನ್ನದು. ವೈಫೈ ರೌಟರಿನ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಖಂಡಿತ ಇಲ್ಲಿರಲಿ, ಕಾರ್ಖಾನೆಯಿಂದ ಬಂದದ್ದನ್ನೇ ಉಳಿಸಿಕೊಳ್ಳುವುದು ಬೇಡ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಸುಮಾರು ಅರವತ್ತು ಕಾರ್ಖಾನೆ ಪಾಸ್‌ವರ್ಡ್‌ಗಳ ಪಟ್ಟಿಯೊಂದನ್ನೇ ಹಿಡಿದು ಲಕ್ಷಾಂತರ ಕ್ಯಾಮೆರಾ ಮತ್ತು ರೌಟರುಗಳನ್ನು ವಶಪಡಿಸಿಕೊಂಡಿತ್ತು.

ಮುಖ್ಯ ಪಾಸ್‌ವರ್ಡಿನ ಆರು ಪದಗಳನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿ ಹಾಕಿ, ಮನೆಯ ಪತ್ರಗಳ ಜೊತೆ ಬೀರುವಿನಲ್ಲಿಟ್ಟಿದ್ದೇನೆ. ದೂರದ ಹ್ಯಾಕರ್ ಬೀರು ತೆರೆಯಲಾರ, ನನಗೇನಾದರೂ ಆದರೆ ಮನೆಯವರು ತೆರೆಯಬಲ್ಲರು. ಹೆಚ್ಚಿನ ರಕ್ಷಣೆಗೆಂದು ಕೀ ಫೈಲ್ ಎಂಬ ಇನ್ನೊಂದು ಸಣ್ಣ ಕಡತವನ್ನೂ ಜೋಡಿಸಿದ್ದೆ, ಅದಿಲ್ಲದೆ ಪದಗಳು ಸರಿಯಿದ್ದರೂ ಪೆಟ್ಟಿಗೆ ತೆರೆಯದು. ಕಳೆದ ತಿಂಗಳು, ನಾನಿಲ್ಲದಿದ್ದರೆ ಇವರು ನಿಜವಾಗಿಯೂ ತೆರೆಯಬಲ್ಲರೇ ಎಂದು ನೋಡಲು ಮನೆಯವರ ಕೈಗೆ ಲಕೋಟೆ ಮತ್ತು ಬ್ಯಾಕಪ್ ಪೆನ್‌ಡ್ರೈವ್ ಕೊಟ್ಟು ಇನ್ನೊಂದು ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಪದಗಳನ್ನು ಮೂರು ಸಲ ಸರಿಯಾಗಿಯೇ ಟೈಪ್ ಮಾಡಿದರು, ಪೆಟ್ಟಿಗೆ ತೆರೆಯಲಿಲ್ಲ. ಕೀ ಫೈಲನ್ನು ನಾನು ಪೆನ್‌ಡ್ರೈವಿಗೆ ಹಾಕಿರಲೇ ಇಲ್ಲ. ಅದರ ಏಕೈಕ ಪ್ರತಿ ಇದ್ದದ್ದು, ಕೆಟ್ಟುಹೋದೀತೆಂದು ನಾವು ಬ್ಯಾಕಪ್ ಮಾಡಿಕೊಂಡಿದ್ದ ಅದೇ ಹಳೆಯ ಕಂಪ್ಯೂಟರಿನಲ್ಲಿ. ಅಂದು ರಾತ್ರಿಯೇ ಕೀ ಫೈಲನ್ನು ತೆಗೆದುಹಾಕಿ, ಆರು ಪದಗಳನ್ನು ಏಳು ಮಾಡಿ, ಹೊಸ ಲಕೋಟೆಯನ್ನು ಅಂಟಿಸಿದೆ.